ಬಿಳಿ ಬಟ್ಟೆಯಲ್ಲಿ ಕೂತ ಸುಣ್ಣ

ಕಲಬುರಗಿಯ ರೋಜಾದಿಂದ ಓದುಗರೊಬ್ಬರು ಕೇಳಿದ್ದಾರೆ: 'ಶುಕ್ರವಾರದ ನಮಾಜಿಗೆ ಹಾಕುವ ಬಿಳಿ ಕುರ್ತಾ ಕೆಲವೇ ತಿಂಗಳಲ್ಲಿ ಮಬ್ಬಾಗುತ್ತದೆ. ಎಷ್ಟು ಸಾಬೂನು ತಿಕ್ಕಿದರೂ ಬಿಳುಪು ಬರುವುದಿಲ್ಲ, ಯಾಕೆ?'

ಬೋರಿನ ನೀರಿನಲ್ಲಿ ಒಗೆಯುತ್ತಿದ್ದರೆ ಆ ಸಾಬೂನಿನ ಮೇಲೇ ನನ್ನ ಅನುಮಾನ. ಊರಿನ ಕೆಳಗಿರುವುದು ಕಪ್ಪು ಬಸಾಲ್ಟ್ ಬಂಡೆ, ದಕ್ಷಿಣದ ಶಹಾಬಾದ್, ವಾಡಿ, ಸೇಡಂ ಕಡೆ ಸುಣ್ಣಕಲ್ಲು. ಎರಡರಿಂದಲೂ ನೀರಿಗೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಇಳಿಯುತ್ತವೆ. ಇಂಥ ಗಡಸು ನೀರಿಗೆ ಸಾಬೂನು ಬಿದ್ದರೆ ನೊರೆಗಿಂತ ಮೊದಲು ಜಿಗುಟು ಗಷ್ಟು ಹುಟ್ಟುತ್ತದೆ. ಬಕೆಟ್ಟಿನ ಅಂಚಿಗೆ ಬೂದುಬಣ್ಣದ ಗೆರೆಯಾಗಿ ಅಂಟುವುದು ಅದೇ. ಅದು ನೂಲಿನೊಳಗೆ ಕೂತು ಧೂಳನ್ನೂ ಮೈಯ ಜಿಡ್ಡನ್ನೂ ಹಿಡಿದಿಡುತ್ತದೆ. ಜಿಡ್ಡು ಗಾಳಿಗೆ ಹಳದಿಯಾಗುತ್ತದೆ. ಕಾಲರು, ಕಂಕುಳು ಮೊದಲು ಹಳದಿಯಾಗುವುದು ಅದಕ್ಕೇ.

ನಮ್ಮ ಜನ ಇದಕ್ಕೆ ನೀಲಿ ಹಾಕುತ್ತಾರೆ. ಈ ನೀಲಿಯ ಕತೆ ನನಗೆ ಬಲು ಇಷ್ಟ. ಒಂದು ಕಾಲಕ್ಕೆ ಅಲ್ಟ್ರಾಮರೀನ್ ನೀಲಿಯನ್ನು ಅಫ್ಘಾನಿಸ್ತಾನದ ದುಬಾರಿ ಕಲ್ಲನ್ನು ಅರೆದೇ ತೆಗೆಯಬೇಕಿತ್ತು. ಅದನ್ನು ಅಗ್ಗವಾಗಿ ತಯಾರಿಸುವವರಿಗೆ ಫ್ರಾನ್ಸಿನಲ್ಲಿ 6,000 ಫ್ರಾಂಕ್ ಬಹುಮಾನ ಸಾರಿದರು. 1828ರಲ್ಲಿ ಅದನ್ನು ಗೆದ್ದವನು ಗಿಮೆ. ಚಿತ್ರಕಾರರ ಬಣ್ಣ ಹೀಗೆ ಅಗಸರ ಕೈಗೂ ಬಂತು. 1929ರಲ್ಲಿ ಜರ್ಮನಿಯ ಪಾಲ್ ಕ್ರಾಯಿಸ್, ಮರದ ತೊಗಟೆಯ ಸಾರದಲ್ಲಿ ಅದ್ದಿದ ಬಟ್ಟೆ ಕಣ್ಣಿಗೆ ಕಾಣದ ನೇರಳಾತೀತ ಕಿರಣ ಹೀರಿ ನೀಲಿ ಬೆಳಕು ಚೆಲ್ಲುವುದನ್ನು ತೋರಿಸಿದ. ಇಂದಿನ ಪುಡಿಗಳ 'ಫಳಫಳ ಬಿಳುಪು' ಬಹುಪಾಲು ಈ ಉಪಾಯದ್ದು. ನೀಲಿ ಹಳದಿಯನ್ನು ಮರೆಮಾಡುತ್ತದೆ ಅಷ್ಟೆ, ಕೊಳೆ ಅಲ್ಲೇ ಇರುತ್ತದೆ. ಜಾಹೀರಾತು ಇದನ್ನು ಹೇಳುವುದಿಲ್ಲ.

ಗಷ್ಟನ್ನು ಒಡೆಯುವುದು ಹುಳಿ. ಶಹಾಬಾದ್ ಕಲ್ಲಿನ ನೆಲಕ್ಕೆ ನಿಂಬೆರಸ ಬಿದ್ದರೆ ಆ ಜಾಗದ ಹೊಳಪು ಹೋಗುತ್ತದಲ್ಲ, ಹುಳಿ ಅಲ್ಲಿ ಕ್ಯಾಲ್ಸಿಯಂ ಕರಗಿಸಿರುತ್ತದೆ. ಬಟ್ಟೆಯಲ್ಲೂ ಅದೇ ನಡೆಯಬೇಕು. ಅರ್ಧ ಬಕೆಟ್ ಬಿಸಿನೀರಿಗೆ ಎರಡು ಚಮಚ ಸಿಟ್ರಿಕ್ ಆಸಿಡ್ ಹಾಕಿ ಬಿಳಿ ಹತ್ತಿ ಬಟ್ಟೆಯನ್ನು ಒಂದು ತಾಸು ನೆನೆಸಿ, ಜಾಲಿಸಿ. ಕ್ಯಾಲ್ಸಿಯಂ ನೀರಿಗೆ ಹೋದರೂ ಕೊಬ್ಬಿನಾಮ್ಲ ನೂಲಿನಲ್ಲೇ ಉಳಿಯುತ್ತದೆ. ಆದ್ದರಿಂದ ಆಮೇಲೆ ಡಿಟರ್ಜೆಂಟ್, ಸೋಡಾ ಹಾಕಿದ ಬಿಸಿನೀರಿನಲ್ಲಿ ಒಗೆಯಲೇಬೇಕು. ಸವಳು ಮಣ್ಣಿನಲ್ಲಿ ಅದ್ದಿ ಉಬ್ಬೆಗೆ ಹಾಕುತ್ತಿದ್ದ ಮಡಿವಾಳರಿಗೆ ಈ ಎರಡನೆಯ ಹೆಜ್ಜೆ ಚೆನ್ನಾಗಿ ಗೊತ್ತಿತ್ತು. ಸವಳಿನಲ್ಲಿ ಇರುವುದೂ ಸೋಡಾವೇ, ಬಿಸಿ ಕೊಡುವುದು ಹಬೆ.

ಬ್ಲೀಚಿಂಗ್ ಪೌಡರ್ ಮಾತ್ರ ಬೇಡ. ನೀರಿನಲ್ಲಿ ಕಬ್ಬಿಣದ ಅಂಶವಿದ್ದರೆ ಅದು ತುಕ್ಕಾಗಿ ಬಟ್ಟೆ ಇನ್ನಷ್ಟು ಹಳದಿಯಾಗುತ್ತದೆ. ಆ ಪೌಡರ್ ಜತೆ ಹುಳಿ ಬೆರೆಸಿದರಂತೂ ವಿಷದ ಕ್ಲೋರಿನ್ ಅನಿಲ ಏಳುತ್ತದೆ. ಬಾಗಿಲು ಮುಚ್ಚಿದ ಬಚ್ಚಲಿನಲ್ಲಿ ಅದು ಜೀವಕ್ಕೇ ಅಪಾಯ.