ಹೆಲ್ಮೆಟ್ ಇದ್ದರೂ ಮೆದುಳಿಗೆ ಪೆಟ್ಟು

ಕೆನಡಾದಲ್ಲಿ ನೆಲೆಸಿದ ನಿಮ್ಮ ಬಂಧುಗಳ ಮಕ್ಕಳು ಐಸ್ ಹಾಕಿ ಆಡುತ್ತಿರಬಹುದು. ನಮಗೆ ಕ್ರಿಕೆಟ್ ಹೇಗೋ ಅಲ್ಲಿ ಅದು ಹಾಗೆ. ಹೆಲ್ಮೆಟ್, ಮುಖಕ್ಕೆ ಜಾಲರಿ, ಮೈತುಂಬ ಕವಚ ತೊಟ್ಟ ಮೊಮ್ಮಗನನ್ನು ವಿಡಿಯೋದಲ್ಲಿ ನೋಡಿ ನೀವು ನಿಶ್ಚಿಂತರಾಗುತ್ತೀರಿ. ಆದರೆ ಹೆಲ್ಮೆಟ್ ಮುಖ್ಯವಾಗಿ ಕಾಯುವುದು ತಲೆಬುರುಡೆಯನ್ನು. ವೇಗವಾಗಿ ಜಾರುತ್ತಿದ್ದ ದೇಹ ಅಂಕಣದ ಗೋಡೆಗೆ ಬಡಿದು ಥಟ್ಟನೆ ನಿಂತಾಗ ಒಳಗಿನ ಮೆದುಳು ಅಲುಗುತ್ತದೆ. ಇದೇ ಕನ್‌ಕಷನ್.

ಎದುರಾಳಿಗೆ ಮೈಯಿಂದ ಗುದ್ದಿ ಆಟದ ಬಿಲ್ಲೆ ಕಸಿಯುವುದನ್ನು ಬಾಡಿ ಚೆಕಿಂಗ್ ಎನ್ನುತ್ತಾರೆ. 11–12 ವರ್ಷದ ಆಟಗಾರರನ್ನು ಹೋಲಿಸಿದ ಅಧ್ಯಯನವೊಂದರಲ್ಲಿ, ಇದಕ್ಕೆ ಅವಕಾಶವಿದ್ದ ಆಲ್ಬರ್ಟಾದಲ್ಲಿ ಗಾಯದ ಅಪಾಯ ಅವಕಾಶವಿಲ್ಲದ ಕ್ವಿಬೆಕ್‌ಗಿಂತ ಮೂರು ಪಟ್ಟಿಗೂ ಹೆಚ್ಚಿತ್ತು. 2013ರಲ್ಲಿ ಹಾಕಿ ಕೆನಡಾ ಸಂಸ್ಥೆ ಆ ವಯಸ್ಸಿನವರಿಗೆ ದೇಶದಾದ್ಯಂತ ಇದನ್ನು ನಿಷೇಧಿಸಿತು. ನನ್ನ ದೃಷ್ಟಿಯಲ್ಲಿ ಯಾವ ಕವಚಕ್ಕಿಂತಲೂ ಈ ನಿಯಮ ದೊಡ್ಡದು. ಸ್ಕೇಟಿನ ಅಲಗು ತಗಲದಂತೆ ಕುತ್ತಿಗೆಪಟ್ಟಿ ಮಾತ್ರ ಇರಲೇಬೇಕು.

ಪ್ರಜ್ಞೆ ತಪ್ಪದಿದ್ದರೂ ಕನ್‌ಕಷನ್ ಆಗಿರಬಹುದು. ತಲೆನೋವು, ತಲೆಸುತ್ತು, ಮಂಕುತನ, ಬೆಳಕು ಸಹಿಸಲಾಗದಿರುವುದು, ಸಿಡುಕು ಕೆಲವೊಮ್ಮೆ ಮರುದಿನ ಕಾಣಿಸುತ್ತವೆ. ತಂಡದಿಂದ ಬಿಟ್ಟಾರೆಂಬ ಭಯಕ್ಕೆ ಮಕ್ಕಳು ಇದನ್ನು ಮುಚ್ಚಿಡುವುದುಂಟು. ಆದ್ದರಿಂದ ಫೋನಿನಲ್ಲಿ ‘ಗೆದ್ದೆಯಾ?’ ಎನ್ನುವ ಮೊದಲು ‘ತಲೆ ನೋಯುತ್ತಿದೆಯಾ?’ ಎಂದು ಕೇಳಿ.

ಅನುಮಾನ ಬಂದರೆ ಅಂದು ಮಗು ಮತ್ತೆ ಆಟಕ್ಕೆ ಇಳಿಯಬಾರದು. ಯುನಾನಿ ವೈದ್ಯನಾದ ನಾನೇ ಹೇಳುತ್ತಿದ್ದೇನೆ, ತಲೆಗೆ ರೋಗನ್ ತಿಕ್ಕಿ ಕಳುಹಿಸಬೇಡಿ! ಒಂದೆರಡು ದಿನ ವಿಶ್ರಾಂತಿ, ಮೊಬೈಲ್ ದೂರ. ಬಳಿಕ ಲಘು ನಡಿಗೆ, ಶಾಲೆ, ಒಂಟಿ ಅಭ್ಯಾಸ; ಗುದ್ದಾಟದ ಆಟ ವೈದ್ಯರು ಒಪ್ಪಿದ ಮೇಲೆಯೇ. ಪದೇಪದೇ ವಾಂತಿ, ಸೆಳವು, ಎಬ್ಬಿಸಿದರೂ ಏಳದ ನಿದ್ದೆ ಕಂಡರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.