ಘಮವನ್ನು ಕಟ್ಟಿಹಾಕುವ ಹಾಳೆ

ಹಾವೇರಿ ಜಿಲ್ಲೆಯ ಹಿರೇಕೆರೂರು ಕಡೆ ಮುಂಗಾರು ಹಿಡಿಯಿತೆಂದರೆ ಹೊಲದ ತುಂಬ ಗೋವಿನಜೋಳ. ಗೋವಿನಜೋಳವನ್ನು ನೆನೆಸಿ, ಅರೆದು, ಪಿಷ್ಟ ಬೇರ್ಪಡಿಸುವ ಗುಜರಾತ್ ಅಂಬುಜಾ ಕಂಪನಿಯ ಕಾರ್ಖಾನೆ ಶಿಗ್ಗಾಂವಿ ತಾಲ್ಲೂಕಿನ ಹುಲಸೋಗಿಯಲ್ಲಿದೆ. ಸವಣೂರು ಎಂದರೆ ಖಾರದ ಜೊತೆಗೆ ನೆನಪಾಗುವುದು ವೀಳ್ಯದೆಲೆ. ಹಾನಗಲ್ ಎಂದರೆ ಮಾವಿನ ತೋಪು. ಈ ಮೂರನ್ನೂ ಬೇರೆ ಬೇರೆ ಬೆಳೆ, ಬೇರೆ ಬೇರೆ ಪೇಟೆ ಎಂದೇ ಎಣಿಸುತ್ತ ಬಂದಿದ್ದೇವೆ. ಆದರೆ ಆಹಾರ ವಿಜ್ಞಾನಿಗಳು ಪ್ರಯೋಗಾಲಯದಲ್ಲಿ ಪಳಗಿಸಿರುವ ಒಂದು ವಿದ್ಯೆ ಇವುಗಳನ್ನು ಒಂದೇ ಸರಪಳಿಗೆ ತರಬಲ್ಲದು. ವೀಳ್ಯದೆಲೆಯಂಥ ಸಸ್ಯದ ಸುಗಂಧ ತೈಲವನ್ನು ಕಣ್ಣಿಗೆ ಕಾಣದಷ್ಟು ಸಣ್ಣ ಕೋಶಗಳಲ್ಲಿ ಸೆರೆಹಿಡಿದು, ಮಣ್ಣಿನಲ್ಲಿ ಕರಗುವ ಪಿಷ್ಟದ ತೆಳು ಹಾಳೆಯೊಳಗೆ ಕೂರಿಸಿ, ಹಣ್ಣು ಕೊಳೆಸುವ ಶಿಲೀಂಧ್ರವನ್ನು ತಡೆಯುವ ವಿದ್ಯೆ ಅದು. ಇಲ್ಲಿನ ಪೇಟೆಗೆ ಇನ್ನೂ ಇಳಿದಿಲ್ಲ. ಇಳಿಯಬೇಕಾದರೆ ಮೊದಲು ಬರಬೇಕಾದ್ದು ಈ ಕಡೆಗೇ ಎಂಬುದು ನನ್ನ ವಾದ.

ವಾಸನೆಯಿಂದ ಫಸಲು ಕಾಯುವುದು ನಮಗೆ ಹೊಸದಲ್ಲ. ಕಾಳಿನ ಚೀಲದಲ್ಲಿ ಬೇವಿನ ಎಲೆ, ಲಕ್ಕಿ ಸೊಪ್ಪು ಹಾಕುವ ರೂಢಿ ಉತ್ತರ ಕರ್ನಾಟಕದ ಮನೆಮನೆಯಲ್ಲಿತ್ತು, ಕೆಲವೆಡೆ ಈಗಲೂ ಇದೆ. ಅದರ ಕೊರತೆಯೂ ಎಲ್ಲರಿಗೂ ಗೊತ್ತು: ಎಲೆ ಒಣಗಿ ವಾಸನೆ ಹೋಯಿತೆಂದರೆ ಕಾವಲೂ ಹೋಯಿತು. ವೀಳ್ಯದೆಲೆಯ ತೈಲದ್ದೂ ಅದೇ ಸಮಸ್ಯೆ. ಅದರಲ್ಲಿ ಯೂಜೆನಾಲ್, ಚಾವಿಬೆಟಾಲ್‌ನಂಥ ಫೀನಾಲ್ ಜಾತಿಯ ವಸ್ತುಗಳಿವೆ. ಲವಂಗದ ಖಾರಕ್ಕೂ ತುಳಸಿಯ ಘಾಟಿಗೂ ಯೂಜೆನಾಲೇ ಮುಖ್ಯ ಕಾರಣ. ಇವು ಬ್ಯಾಕ್ಟೀರಿಯಾ, ಶಿಲೀಂಧ್ರಗಳ ಜೀವಕೋಶದ ಪೊರೆಯನ್ನು ಕೆಡಿಸಿ ಒಳಗಿನದು ಸೋರುವಂತೆ ಮಾಡುತ್ತವೆ. ಕೆಲಸ ಖಚಿತ, ಆದರೆ ಆಯುಷ್ಯ ಕಡಿಮೆ. ತೈಲವನ್ನು ಹಾಗೇ ಸವರಿದರೆ ಮೊದಲ ದಿನ ತಡೆಯಲಾರದಷ್ಟು ಘಾಟು, ಕೆಲವೇ ದಿನಗಳಲ್ಲಿ ಏನೂ ಇಲ್ಲ. ಗಾಳಿ ಬೆಳಕಿಗೆ ಕೆಡುತ್ತದೆ, ನೀರಿನಲ್ಲಿ ಬೆರೆಯುವುದೂ ಇಲ್ಲ. ಹಾಗಾಗಿ ಈ ವಿದ್ಯೆಯ ತಿರುಳಿರುವುದು ಹಾಳೆಯಲ್ಲಲ್ಲ, ಆ ಸೆರೆಯಲ್ಲಿ.

ಸೆರೆಗೆ ಹಲವು ದಾರಿಗಳಿವೆ. ನನಗೆ ಹೆಚ್ಚು ಇಷ್ಟವಾದದ್ದು ಬೀಟಾ ಸೈಕ್ಲೋಡೆಕ್ಸ್‌ಟ್ರಿನ್. ಏಳು ಗ್ಲೂಕೋಸ್ ಕಣಗಳು ಬಳೆಯ ಹಾಗೆ ಕೂಡಿಕೊಂಡ ಈ ವಸ್ತುವಿನ ಹೊರಮೈಗೆ ನೀರು ಒಗ್ಗುತ್ತದೆ, ಒಳಗಿನ ಪೊಳ್ಳಿಗೆ ಎಣ್ಣೆ ಒಗ್ಗುತ್ತದೆ. ಯೂಜೆನಾಲ್‌ನ ಕಣ ಆ ಪೊಳ್ಳಿನೊಳಗೆ ಹೋಗಿ ಕೂರುತ್ತದೆ. ಫ್ರಾನ್ಸಿನ ವಿಲಿಯರ್ಸ್ 1891ರಲ್ಲಿ ಇಂಥ ವಸ್ತುಗಳನ್ನು ಗುರುತಿಸಿದ್ದು ಪಿಷ್ಟದ ಮೇಲೆ ಬ್ಯಾಕ್ಟೀರಿಯಾ ಬಿಟ್ಟಾಗ. ಇಂದಿಗೂ ಅದು ಪಿಷ್ಟದಿಂದಲೇ, ಒಂದು ಕಿಣ್ವದ ನೆರವಿನಿಂದ ತಯಾರಾಗುತ್ತದೆ. ಅಂದರೆ ಹಾಳೆಯಷ್ಟೇ ಅಲ್ಲ, ಹಾಳೆಯೊಳಗಿನ ಸೆರೆಯೂ ಗೋವಿನಜೋಳದ್ದೇ ಆಗಬಹುದು. ಇನ್ನು ಹಾಳೆಯ ತಯಾರಿ: ನೂರು ಪಾಲು ನೀರಿಗೆ ನಾಲ್ಕೈದು ಪಾಲು ಪಿಷ್ಟ ಕದಡಿ, ಗಂಟಾಗದಂತೆ ತಿರುವುತ್ತ 85-90 ಡಿಗ್ರಿವರೆಗೆ ಕಾಯಿಸುತ್ತಾರೆ. ಬೆಳ್ಳಗಿನ ಕದಡು ಒಮ್ಮೆಲೇ ದಪ್ಪಗಾಗಿ ತಿಳಿಯಾಗುತ್ತದೆ. ಪಿಷ್ಟದ ತೂಕದ ಕಾಲು ಭಾಗದಷ್ಟು ಗ್ಲಿಸರಿನ್ ಬೆರೆಸುತ್ತಾರೆ. ಅದಿಲ್ಲದಿದ್ದರೆ ಹಾಳೆ ಮಡಚಿದಲ್ಲೇ ಮುರಿಯುತ್ತದೆ. ತೈಲ ತುಂಬಿದ ಪುಡಿಯನ್ನು ಆಗಲೇ ಹಾಕಿದರೆ ಘಮವೆಲ್ಲ ಆವಿಯಾಗಿ ಹೋದೀತು, ಗಂಜಿ ಆರುವ ತನಕ ಕಾಯಬೇಕು. ಗುಳ್ಳೆ ಹೋಗಲು ಬಿಟ್ಟು, ಮಟ್ಟಸವಾದ ತಟ್ಟೆಗೆ ಸುರಿದು, ಸುಮಾರು 40 ಡಿಗ್ರಿಯಲ್ಲಿ ಒಣಗಿಸಿದರೆ ಅಂಚಿನಿಂದ ಸುಲಿಯಬಹುದಾದ ತೆಳು ಹಾಳೆ ಸಿಗುತ್ತದೆ.

ಇದು ಮಾವಿಗೆ ಏಕೆ ಹೊಂದುತ್ತದೆ? ಮಾವನ್ನು ಪೇಟೆಯ ದಾರಿಯಲ್ಲಿ ಕೆಡಿಸುವ ಮುಖ್ಯ ರೋಗ ಚಿಬ್ಬು. ಅದರ ಶಿಲೀಂಧ್ರ ಹೂವು, ಮಿಡಿಗಾಯಿಯ ಹಂತದಲ್ಲೇ ಅಂಟಿಕೊಂಡು ಸಿಪ್ಪೆಯಲ್ಲಿ ಅಡಗಿ ಕೂರುತ್ತದೆ. ಕಾಯಿ ಕೀಳುವಾಗ ಕಣ್ಣಿಗೇನೂ ಕಾಣದು. ಹಣ್ಣಾಗುವಾಗ ಕರಿಚುಕ್ಕೆಗಳು ಎದ್ದು ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಪೆಟ್ಟಿಗೆಯೊಳಗೆ ಹಣ್ಣು ಉಸಿರಾಡಿದಂತೆ ತೇವ ಏರುತ್ತದೆ, ತೇವ ಏರಿದಂತೆ ಬೂಷ್ಟು ಬಲಿಯುತ್ತದೆ. ಸೈಕ್ಲೋಡೆಕ್ಸ್‌ಟ್ರಿನ್ ತನ್ನ ತೈಲವನ್ನು ಬಿಟ್ಟುಕೊಡುವುದೂ ತೇವ ಏರಿದಾಗಲೇ! ಒಣ ಹವೆಯಲ್ಲಿ ಹಿಡಿದಿಟ್ಟುಕೊಂಡು, ಅಪಾಯದ ಹೊತ್ತಿಗೆ ಆವಿಯಾಗಿ ಬಿಡುವ ಈ ಗುಣವನ್ನು ಯಾವ ಪ್ಲಾಸ್ಟಿಕ್ ಹಾಳೆಯೂ ತಾನಾಗಿ ಕೊಡಲಾರದು. ಆದರೆ ಸಿಪ್ಪೆಯೊಳಗೆ ಆಗಲೇ ಬೇರೂರಿದ ಸೋಂಕನ್ನು ಆವಿ ಪೂರ್ತಿ ಮುಟ್ಟುವುದಿಲ್ಲ. ಅದಕ್ಕೆ 52 ಡಿಗ್ರಿಯ ಸುಮಾರಿನ ಬಿಸಿನೀರಿನಲ್ಲಿ ಕಾಯಿಯನ್ನು ಕೆಲವು ನಿಮಿಷ ಅದ್ದುವ, ಬಹುಕಾಲದಿಂದ ತಿಳಿದಿರುವ ಉಪಚಾರವೇ ಬೇಕು. ಹಾಳೆ ಅದರ ಬದಲಿಯಲ್ಲ, ಅದರ ನಂತರದ ಕಾವಲು.

ಆಕ್ಷೇಪಗಳು ಹಗುರವಾದವಲ್ಲ. ಮಾವಿಗೆ ವೀಳ್ಯದ ವಾಸನೆ ಹತ್ತಿದರೆ ಕೊಳ್ಳುವವರಾರು ಎಂಬುದು ಮೊದಲನೆಯದು. ಹಾಳೆಯನ್ನು ಹಣ್ಣಿಗೆ ಸುತ್ತಬೇಕೆಂಬ ಹಟ ಬಿಟ್ಟು, ಅಂಗೈಯಗಲದ ತುಂಡನ್ನು ಪೆಟ್ಟಿಗೆಯ ಪದರಗಳ ನಡುವೆ ಇಡುವುದು ಇದಕ್ಕೆ ಉತ್ತರ. ಆವಿ ತಲುಪಿದರೆ ಸಾಕು, ತೈಲ ಸಿಪ್ಪೆಗೆ ತಾಗಬೇಕಿಲ್ಲ. ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ ಗೆದ್ದ ತೈಲ ನಿಜವಾದ ಆಹಾರದಲ್ಲಿ ಸೋಲುತ್ತದೆ ಎಂಬ ಮಾತೂ ನಿಜ. ಕೊಬ್ಬು, ಪ್ರೋಟೀನು ಇರುವ ಆಹಾರದಲ್ಲಿ ತೈಲ ಅವಕ್ಕೇ ಅಂಟಿಕೊಂಡುಬಿಡುತ್ತದೆ, ಪ್ರಮಾಣ ಹಲವು ಪಟ್ಟು ಏರಿಸಬೇಕಾಗುತ್ತದೆ. ಹಾಗೆಂದೇ ಪನೀರು, ಮಾಂಸಕ್ಕಿಂತ ಮೊದಲು ಇಡಿಯಾದ ಹಣ್ಣಿನಿಂದ ಶುರು ಮಾಡುವುದು ಜಾಣತನ. ಇನ್ನು ಬೆಲೆ. ಎಲೆಯಿಂದ ಸಿಗುವ ತೈಲ ನೂರಕ್ಕೆ ಒಂದೆರಡು ಪಾಲೂ ಇರುವುದು ಕಷ್ಟ. ಪೇಟೆಗೆ ಹೋಗುವ ಒಳ್ಳೆಯ ಎಲೆಯನ್ನು ಭಟ್ಟಿಗೆ ಹಾಕುವುದು ದಡ್ಡತನವಾದೀತು. ತೂತು ಬಿದ್ದದ್ದು, ಬಲಿತದ್ದು, ದರ ಬಿದ್ದಾಗ ಪೆಂಡಿ ಕಟ್ಟಿದ ಕೂಲಿಯೂ ಹುಟ್ಟದೆ ಉಳಿದದ್ದು ಭಟ್ಟಿಗೆ ಹೋಗಲಿ. ಬಂಗಾಳದ ವೀಳ್ಯದ ಬೆಳೆಗಾರರಿಗೆ ಐಐಟಿ ಖರಗ್‌ಪುರದ ಪ್ರಶಾಂತ ಗುಹಾ ಹೇಳುತ್ತ ಬಂದದ್ದೂ ಇದನ್ನೇ: ಉಳಿದ ಎಲೆಯನ್ನು ಕೊಳೆಯಲು ಬಿಡಬೇಡಿ, ತೈಲ ತೆಗೆಯಿರಿ.

ಎಲ್ಲಕ್ಕಿಂತ ಗಂಭೀರ ಆಕ್ಷೇಪ ಸುರಕ್ಷತೆಯದು. ಸಸ್ಯಜನ್ಯ ಎಂದ ಮಾತ್ರಕ್ಕೆ ನಿರಪಾಯಕಾರಿ ಅಲ್ಲ. ಶ್ರೀಲಂಕಾದ ವೀಳ್ಯದೆಲೆಯ ತೈಲದಲ್ಲಿ ಸ್ಯಾಫ್ರೋಲ್ ಎಂಬ ವಸ್ತು ಪ್ರಧಾನವಾಗಿರುವುದು ವಿಶ್ಲೇಷಣೆಗಳಿಂದ ಗೊತ್ತಾಗಿದೆ; ಅದೇ ಸ್ಯಾಫ್ರೋಲನ್ನು ಕ್ಯಾನ್ಸರ್ ಭಯದಿಂದ ಅಮೆರಿಕ 1960ರಲ್ಲಿ ಆಹಾರದಿಂದ ಹೊರಗಿಟ್ಟಿತು. ಕರಿಎಲೆ, ಅಂಬಾಡಿ ಎಂದು ತಳಿ ಬದಲಾದಂತೆ ತೈಲವೂ ಬದಲಾಗುತ್ತದೆ. ಸವಣೂರಿನ ಎಲೆಯ ತೈಲ ಯಾವ ಬಗೆಯದು ಎಂಬ ಪರೀಕ್ಷೆ, ತೋಟದಿಂದ ತೋಟಕ್ಕೆ, ಹಂಗಾಮಿನಿಂದ ಹಂಗಾಮಿಗೆ ಆಗದೆ ಒಂದು ಹಾಳೆಯೂ ಹಣ್ಣಿನ ಪೆಟ್ಟಿಗೆ ಸೇರಬಾರದು. ಪರೀಕ್ಷೆಯಲ್ಲಿ ಸೋತರೆ ಲವಂಗದ ತೈಲ ಬಳಸಬೇಕು, ಊರಭಿಮಾನ ಅಡ್ಡ ಬರಬಾರದು.

ಕರ್ನಾಟಕ 2016ರ ಮಾರ್ಚ್‌ನಲ್ಲಿ, ಕೇಂದ್ರ ಸರ್ಕಾರ 2022ರ ಜುಲೈ 1ರಿಂದ ಹಲವು ಬಗೆಯ ಪ್ಲಾಸ್ಟಿಕ್ ವಸ್ತುಗಳ ಮೇಲೆ ನಿಷೇಧ ಹೇರಿದ ನಂತರ ‘ಜೈವಿಕ ವಿಘಟನೀಯ’ ಎಂಬ ಚೀಟಿ ಅಗ್ಗವಾಗಿದೆ. ಆ ಚೀಟಿ ಹೊತ್ತ ಪಾಲಿಲ್ಯಾಕ್ಟಿಕ್ ಆಮ್ಲದ ಹಾಳೆ ಬೇಗ ಕರಗಲು 58 ಡಿಗ್ರಿಯ ಸುಮಾರಿನ ಕಾರ್ಖಾನೆ ಕಾಂಪೋಸ್ಟು ಬೇಕು. ಪಿಷ್ಟದ ಹಾಳೆಗೆ ಊರ ತಿಪ್ಪೆಯೇ ಸಾಕು. ಆದರೆ ತಿಪ್ಪೆಯಲ್ಲಿ ಕರಗುವ ಅದೇ ಗುಣ ಮಳೆಯಲ್ಲಿ ಅದನ್ನು ಜೋತುಬೀಳಿಸುತ್ತದೆ. ಸಿಗಡಿ ಚಿಪ್ಪಿನ ಕೈಟೋಸಾನ್ ಬೆರೆಸಿದರೆ ಗಟ್ಟಿಯಾಗುತ್ತದೆ. ಮೈಸೂರಿನಲ್ಲಿ 1950ರಲ್ಲಿ ಆರಂಭವಾದ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಲ್ಲಿ ಇಂಥ ಹಾಳೆಗಳ ಮೇಲೆ ದುಡಿದ ಆರ್.ಎನ್. ಥರನಾಥನ್ 2003ರಲ್ಲಿ ಬರೆದ ಸಮೀಕ್ಷೆಯನ್ನು ಈ ಕ್ಷೇತ್ರದವರು ಇಂದಿಗೂ ಓದುತ್ತಾರೆ. ಆದರೆ ಸಸ್ಯಾಹಾರಿಗಳು ಕೊಳ್ಳುವ ಹಣ್ಣಿನ ಪೆಟ್ಟಿಗೆಯಲ್ಲಿ ಸಿಗಡಿಯ ಅಂಶವಿದ್ದರೆ ಅದನ್ನು ಮುಚ್ಚಿಡುವುದು ತಪ್ಪು. ಮಾವಿನ ಪೆಟ್ಟಿಗೆಯ ಒಳಪದರಕ್ಕೆ ಬರಿಯ ಪಿಷ್ಟವೇ ಸಾಕೆಂದು ನನ್ನ ಎಣಿಕೆ.

ಇದನ್ನು ಪರೀಕ್ಷಿಸಲು ದೂರ ಹೋಗಬೇಕಿಲ್ಲ. ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯಕ್ಕೆ ಸೇರಿದ ಆಹಾರ ತಂತ್ರಜ್ಞಾನ ಕಾಲೇಜು ಹಾವೇರಿ ಪಕ್ಕದ ದೇವಿಹೊಸೂರಿನಲ್ಲೇ ಇದೆ. ಒಂದೇ ತೋಪಿನ, ಒಂದೇ ದಿನ ಕಿತ್ತ ಕಾಯಿ. ಎಲ್ಲಕ್ಕೂ ಬಿಸಿನೀರಿನ ಉಪಚಾರ. ಅರ್ಧ ಪೆಟ್ಟಿಗೆಗಳಿಗೆ ತೈಲವಿರುವ ಹಾಳೆ, ಉಳಿದರ್ಧಕ್ಕೆ ತೈಲವಿಲ್ಲದ ಹಾಳೆ. ತೆರೆದು ಚುಕ್ಕೆ ಎಣಿಸುವವರಿಗೆ ಯಾವುದು ಯಾವ ಪೆಟ್ಟಿಗೆ ಎಂದು ಗೊತ್ತಿರಬಾರದು, ಹಣ್ಣು ತಿಂದು ರುಚಿ ಹೇಳುವವರಿಗೂ ಗೊತ್ತಿರಬಾರದು. ಒಂದು ಮಾವಿನ ಹಂಗಾಮು ಸಾಕು.