ಕಾಗದಕ್ಕೆ ಮರ ಎಲ್ಲಿಂದ ಬರಬೇಕು? ದಾಂಡೇಲಿ, ಕುಸನೂರು, ಭದ್ರಾವತಿ ಕಲಿಸಿದ ಪಾಠ

ಶಾಲೆಯ ನೋಟ್‌ಬುಕ್‌ನಿಂದ ಆನ್‌ಲೈನ್ ಖರೀದಿಯ ರಟ್ಟಿನ ಡಬ್ಬದವರೆಗೆ ಕಾಗದದ ಬಳಕೆ ಹೆಚ್ಚುತ್ತಲೇ ಇದೆ. ಪ್ಲಾಸ್ಟಿಕ್‌ಗೆ ಹೋಲಿಸಿದರೆ ಕಾಗದ ಪರಿಸರಸ್ನೇಹಿ ಎಂಬುದು ಸಾಮಾನ್ಯ ನಂಬಿಕೆ. ಆದರೆ ಆ ಕಾಗದದ ಮರ ಯಾರ ಜಮೀನಿನಲ್ಲಿ ಬೆಳೆಯಿತು, ಅದನ್ನು ತಯಾರಿಸಿದ ನೀರು ಎಲ್ಲಿಗೆ ಹೋಯಿತು ಎಂಬುದರ ಮೇಲೆ ಈ ಮಾತಿನ ಸತ್ಯ ನಿಂತಿದೆ. ಈ ಎರಡು ಪ್ರಶ್ನೆಗಳನ್ನು ಕರ್ನಾಟಕ ಹಲವು ದಶಕಗಳಿಂದ ಎದುರಿಸುತ್ತಾ ಬಂದಿದೆ.

ಮರ ಕಾಗದವಾಗುವುದು ಹೇಗೆ?

ಮರದಲ್ಲಿ ಕಾಗದಕ್ಕೆ ಬೇಕಾಗಿರುವುದು ಸೆಲ್ಯುಲೋಸ್ ನಾರು ಮಾತ್ರ. ಆ ನಾರುಗಳನ್ನು ಅಂಟಿನಂತೆ ಹಿಡಿದಿಡುವ ಲಿಗ್ನಿನ್ ಅನ್ನು ಬೇರ್ಪಡಿಸಬೇಕು. ಅದಕ್ಕಾಗಿ ಮರದ ಚಕ್ಕೆಗಳನ್ನು ಕಾಸ್ಟಿಕ್ ಸೋಡಾ ಮತ್ತು ಸೋಡಿಯಂ ಸಲ್ಫೈಡ್ ದ್ರಾವಣದಲ್ಲಿ ಸುಮಾರು 160ರಿಂದ 170 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಬೇಯಿಸುತ್ತಾರೆ. ಮರದ ಅರ್ಧದಷ್ಟು ತೂಕ ಇಲ್ಲೇ ಕರಗಿಹೋಗುತ್ತದೆ. ಹೀಗಾಗಿ 1 ಟನ್ ಬಿಳಿ ತಿರುಳಿಗೆ 2 ಟನ್‌ಗಿಂತ ಹೆಚ್ಚು ಒಣ ಮರ ಬೇಕು.

ಬೇಯಿಸಿದ ನಂತರ ಉಳಿಯುವ ಕಪ್ಪು ದ್ರಾವಣವನ್ನು ನದಿಗೆ ಬಿಟ್ಟರೆ ವಿಷ. ಅದನ್ನೇ ಇಂಗಿಸಿ ಬಾಯ್ಲರ್‌ನಲ್ಲಿ ಉರಿಸಿದರೆ ಹಬೆ, ವಿದ್ಯುತ್ ಸಿಗುತ್ತವೆ, ರಾಸಾಯನಿಕಗಳೂ ಮರಳಿ ಬರುತ್ತವೆ. ಜವಾಬ್ದಾರಿಯುತ ಕಾರ್ಖಾನೆಗೂ ಉಳಿದವಕ್ಕೂ ಇರುವ ದೊಡ್ಡ ವ್ಯತ್ಯಾಸ ಇದೇ.

ದಾಂಡೇಲಿ: ಅಗ್ಗದ ಬಿದಿರಿನ ಬೆಲೆ

ಕಾಳಿ ನದಿ ದಂಡೆಯ ದಾಂಡೇಲಿಯಲ್ಲಿ 1955ರಲ್ಲಿ ಸ್ಥಾಪನೆಯಾದ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ ಉತ್ತರ ಕನ್ನಡದ ಬಿದಿರನ್ನು ನಂಬಿ ಆರಂಭವಾಯಿತು. ಆರಂಭದಲ್ಲಿ ಕಾರ್ಖಾನೆಗೆ ಬಿದಿರು ಟನ್‌ಗೆ ಕೇವಲ 1.50 ರೂಪಾಯಿಗೆ ದೊರೆಯುತ್ತಿತ್ತು. ಬುಟ್ಟಿ ಹೆಣೆಯುವ ಮೇದಾರರು ಮಾರುಕಟ್ಟೆಯಲ್ಲಿ ಅದಕ್ಕಿಂತ ನೂರಾರು ಪಟ್ಟು ಹೆಚ್ಚು ತೆರಬೇಕಿತ್ತು.

ಬಿದಿರು ಬೇಗ ಖಾಲಿಯಾಗುತ್ತಿದೆ ಎಂಬ ದೂರು ಬಂದಾಗ 1970ರ ದಶಕದಲ್ಲಿ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳ್ ಮತ್ತು ಸಂಗಡಿಗರು ಅಧ್ಯಯನ ನಡೆಸಿದರು. ಕಡಿಯಲು ಸುಲಭವಾಗಲೆಂದು ಮೆಳೆಯ ಬುಡದ ಮುಳ್ಳುಗಳನ್ನು ಸವರಿ ತೆಗೆಯುತ್ತಿದ್ದರು. ಬಿದಿರು ಚೆನ್ನಾಗಿ ಬೆಳೆಯಲು ಇದು ಒಳ್ಳೆಯದು ಎಂಬುದು ಅಧಿಕಾರಿಗಳ ನಂಬಿಕೆಯಾಗಿತ್ತು. ನಿಜಕ್ಕೂ ಆ ಮುಳ್ಳಿನ ಬೇಲಿಯೇ ಎಳೆಯ ಕಳಲೆಯನ್ನು ದನ ಮತ್ತು ಕಾಡುಪ್ರಾಣಿಗಳ ಬಾಯಿಂದ ಕಾಪಾಡುತ್ತಿತ್ತು. ಇದು ಹಳ್ಳಿಗರಿಗೆ ಮೊದಲೇ ಗೊತ್ತಿತ್ತು. ಕಚ್ಚಾವಸ್ತು ಅಗ್ಗವಾಗಿದ್ದಾಗ ಅದನ್ನು ಉಳಿಸಿಕೊಳ್ಳುವ ಒತ್ತಡ ಯಾರಿಗೂ ಇರುವುದಿಲ್ಲ ಎಂಬುದು ಈ ಪ್ರಕರಣದ ಪಾಠ.

ಕುಸನೂರು: ಕಿತ್ತಿಕೋ, ಹಚ್ಚಿಕೋ

ಬಿದಿರು ಕಡಿಮೆಯಾದಂತೆ ಉದ್ಯಮದ ಗಮನ ನೀಲಗಿರಿಯತ್ತ ತಿರುಗಿತು. 1984ರಲ್ಲಿ ರಾಜ್ಯ ಸರ್ಕಾರ ಮತ್ತು ಹರಿಹರ ಪಾಲಿಫೈಬರ್ಸ್ ಸೇರಿ 'ಕರ್ನಾಟಕ ಪಲ್ಪ್‌ವುಡ್' ಎಂಬ ಜಂಟಿ ಸಂಸ್ಥೆ ಸ್ಥಾಪಿಸಿದವು. ಹರಿಹರದ ಕಾರ್ಖಾನೆಯದು ರೇಯಾನ್ ಬಟ್ಟೆಗೆ ಬಳಸುವ ತಿರುಳು. ಆದರೆ ಬೇಕಾಗಿದ್ದ ಮರ ಕಾಗದದವರಿಗೆ ಬೇಕಾದದ್ದೇ. ಸುಮಾರು 30,000 ಹೆಕ್ಟೇರ್ ಸರ್ಕಾರಿ ಭೂಮಿಯನ್ನು ಸಂಸ್ಥೆಗೆ ಕೊಡುವ ಯೋಜನೆ ಅದಾಗಿತ್ತು. ಹಳ್ಳಿಗರು ಸೌದೆ, ಮೇವು, ಹಸಿರೆಲೆಗೆ ನೆಚ್ಚಿಕೊಂಡಿದ್ದ ಗೋಮಾಳ, ಬೆಟ್ಟಗಳೂ ಅದರಲ್ಲಿದ್ದವು.

1987ರ ನವೆಂಬರ್ 14ರಂದು ಹಾನಗಲ್ ತಾಲೂಕಿನ ಕುಸನೂರಿನಲ್ಲಿ 'ಕಿತ್ತಿಕೋ-ಹಚ್ಚಿಕೋ' ಸತ್ಯಾಗ್ರಹ ನಡೆಯಿತು. ಜನರು ನೀಲಗಿರಿ ಸಸಿಗಳನ್ನು ಕಿತ್ತು, ಆ ಜಾಗದಲ್ಲಿ ತಮಗೆ ಉಪಯುಕ್ತವಾದ ಗಿಡ ನೆಟ್ಟರು. ಸಮಾಜ ಪರಿವರ್ತನ ಸಮುದಾಯ ಮತ್ತು ಸಾಹಿತಿ ಶಿವರಾಮ ಕಾರಂತರು ಸುಪ್ರೀಂ ಕೋರ್ಟ್ ಮೆಟ್ಟಿಲೇರಿದರು. 1991ರಲ್ಲಿ ಸಂಸ್ಥೆಯನ್ನೇ ಮುಚ್ಚಲಾಯಿತು.

ಇದರ ನಡುವೆ ಬಂದ 1988ರ ರಾಷ್ಟ್ರೀಯ ಅರಣ್ಯ ನೀತಿಯೂ ದಾರಿ ಬದಲಿಸಿತು. ಉದ್ಯಮಗಳು ಸಾಧ್ಯವಾದಷ್ಟೂ ರೈತರ ಜೊತೆ ನೇರ ಸಂಬಂಧ ಬೆಳೆಸಿ ತಮಗೆ ಬೇಕಾದ ಮರವನ್ನು ಪಡೆಯಬೇಕು, ನೈಸರ್ಗಿಕ ಕಾಡನ್ನು ನೆಡುತೋಪಿಗಾಗಿ ಉದ್ಯಮಕ್ಕೆ ಕೊಡಬಾರದು ಎಂದು ಅದು ಹೇಳಿತು.

ಭದ್ರಾವತಿ: ಕಾರ್ಖಾನೆ ನಿಂತರೂ ನೆಡುತೋಪು ಉಳಿಯಿತು

ಮೈಸೂರು ಸಂಸ್ಥಾನದ ಕಾಲದಲ್ಲಿ ಹುಟ್ಟಿದ ಭದ್ರಾವತಿಯ ಮೈಸೂರು ಕಾಗದ ಕಾರ್ಖಾನೆಗೆ 1980ರಲ್ಲಿ ಮಲೆನಾಡಿನ ಅರಣ್ಯ ಭೂಮಿಯನ್ನು 40 ವರ್ಷಗಳ ಗುತ್ತಿಗೆಗೆ ಕೊಡಲಾಯಿತು. ಅಲ್ಲಿ ಅಕೇಶಿಯಾ, ನೀಲಗಿರಿ ತೋಪುಗಳು ಎದ್ದವು. 2020ರಲ್ಲಿ ಗುತ್ತಿಗೆ ಮುಗಿದಾಗ ಕಾರ್ಖಾನೆಯಲ್ಲಿ ಉತ್ಪಾದನೆಯೇ ಇರಲಿಲ್ಲ. ಆದರೂ ಸರ್ಕಾರ ಮತ್ತೆ 40 ವರ್ಷಕ್ಕೆ ವಿಸ್ತರಿಸಲು ಮುಂದಾಯಿತು. ಆ ಭೂಮಿ ಸಹಜ ಕಾಡಾಗಿ ಮರಳಲಿ ಎಂದು ಶಿವಮೊಗ್ಗ ಜಿಲ್ಲೆಯಲ್ಲಿ ಹೋರಾಟ ಶುರುವಾಯಿತು.

ರೈತರ ಹೊಲವೇ ಪರಿಹಾರವೇ?

ಇಂದು ದೇಶದ ಮರ ಆಧಾರಿತ ಕಾರ್ಖಾನೆಗಳಿಗೆ ಹೆಚ್ಚಿನ ಮರ ಬರುವುದು ಕೃಷಿ ಅರಣ್ಯದಿಂದ. ನೀಲಗಿರಿ, ಸುಬಾಬುಲ್, ಗಾಳಿ ಮರಗಳು ಕೆಲವೇ ವರ್ಷಗಳಲ್ಲಿ ಕೊಯ್ಲಿಗೆ ಬರುತ್ತವೆ. ಸುಬಾಬುಲ್ ಮತ್ತು ಗಾಳಿ ಮರ ಮಣ್ಣಿಗೆ ಸಾರಜನಕವನ್ನೂ ಸೇರಿಸುತ್ತವೆ. ಇದರಿಂದ ಕಾಡಿನ ಮೇಲಿನ ಒತ್ತಡ ತಗ್ಗುತ್ತದೆ ಎಂಬುದು ನಿಜ.

ಆದರೆ ಅಪಾಯದ ಪಾಲೂ ರೈತನಿಗೆ ಬರುತ್ತದೆ. ಮರ ಕೊಯ್ಲಿಗೆ ಬರುವವರೆಗೆ ಆದಾಯವಿಲ್ಲ, ಕೊಳ್ಳುವವರು ಕೆಲವೇ ಮಂದಿ. ಅಂತರ್ಜಲದ ಪ್ರಶ್ನೆಯೂ ಇದೆ. ಒಣ ಜಿಲ್ಲೆಗಳ ಅನುಭವದ ನಂತರ ಕರ್ನಾಟಕ 2017ರಲ್ಲಿ ಹೊಸದಾಗಿ ನೀಲಗಿರಿ ಬೆಳೆಸುವುದನ್ನು ನಿಷೇಧಿಸಿತು. ಅದೇ ವರ್ಷ ಕೇಂದ್ರ ಸರ್ಕಾರ ಅರಣ್ಯೇತರ ಭೂಮಿಯ ಬಿದಿರನ್ನು ಕಾನೂನಿನಲ್ಲಿ 'ಮರ'ದ ವ್ಯಾಖ್ಯೆಯಿಂದ ಹೊರಗಿಟ್ಟಿದ್ದು ರೈತರಿಗೆ ಇನ್ನೊಂದು ದಾರಿ ತೆರೆಯಿತು.

ಗ್ರಾಹಕರು ಏನು ನೋಡಬೇಕು?

ಭಾರತದಲ್ಲಿ ತಯಾರಾಗುವ ಕಾಗದದ ಬಹುಪಾಲು ರದ್ದಿಯಿಂದಲೇ ಬರುತ್ತದೆ. ಒಂದು ನಾರನ್ನು ಸಾಮಾನ್ಯವಾಗಿ 5ರಿಂದ 7 ಬಾರಿ ಮರುಬಳಸಬಹುದು. ಆಮೇಲೆ ಅದು ತುಂಡಾಗುವುದರಿಂದ ಹೊಸ ನಾರು ಸೇರಿಸಲೇಬೇಕು. ಹಾಗಾಗಿ ಒಣಗಿದ, ಎಣ್ಣೆ ತಾಗದ ರದ್ದಿಯನ್ನು ಬೇರ್ಪಡಿಸಿ ಕೊಡುವುದು ಮನೆಯಲ್ಲೇ ಮಾಡಬಹುದಾದ ಕೆಲಸ.

ಹೊಸ ನಾರಿನ ಕಾಗದವಾದರೆ ಎಫ್‌ಎಸ್‌ಸಿ ಮುದ್ರೆ ಮರದ ಮೂಲದ ಬಗ್ಗೆ ಒಂದಿಷ್ಟು ಭರವಸೆ ಕೊಡುತ್ತದೆ. ಬಿಳುಪುಗೊಳಿಸಲು ಕ್ಲೋರಿನ್ ಅನಿಲ ಬಳಸದ ಕಾಗದ ನದಿಗೆ ಕಡಿಮೆ ಹಾನಿ ಮಾಡುತ್ತದೆ. ಕಾರ್ಖಾನೆಗಳ ನೀರಿನ ಮೇಲೂ ಕಣ್ಣಿಡಬೇಕು. ದೊಡ್ಡ ಕಾಗದ ಕಾರ್ಖಾನೆಗಳು ಟನ್‌ಗೆ 140 ಘನ ಮೀಟರ್‌ಗಿಂತ ಕಡಿಮೆ ತ್ಯಾಜ್ಯ ನೀರು ಬಿಡಬೇಕು ಎಂಬ ಗುರಿಯನ್ನು 2003ರಲ್ಲೇ ನಿಗದಿಪಡಿಸಲಾಗಿತ್ತು. ಈಗಿನ ತಂತ್ರಜ್ಞಾನದಲ್ಲಿ ಅದಕ್ಕಿಂತ ಬಹಳ ಕೆಳಗಿಳಿಯಲು ಸಾಧ್ಯವಿದೆ.

ಮರ ಕಡಿದಷ್ಟೇ ನೆಟ್ಟರೆ ಸಾಕು ಎಂಬ ಲೆಕ್ಕ ಅರ್ಧ ಸತ್ಯ. ನೆಟ್ಟ ಜಾಗ ಮೊದಲು ಯಾರಿಗೆ ಆಸರೆಯಾಗಿತ್ತು, ಬೆಳೆದವರಿಗೆ ನ್ಯಾಯವಾದ ಬೆಲೆ ಸಿಕ್ಕಿತೇ ಎಂಬುದು ಉಳಿದರ್ಧ. ಕುಸನೂರಿನ ಜನ 1987ರಲ್ಲೇ ಕೇಳಿದ್ದು ಇದನ್ನೇ.